ಹಾಜಿ ಅಲಿಯ ಬಂಡೆಗೆ ಅಂಟಿದ್ದ ಹವಳ: ಕಲ್ಲೋ, ಗಿಡವೋ, ಪ್ರಾಣಿಯೋ?

ಚಿಕ್ಕಮ್ಮನನ್ನು ಮೊದಲ ಸಲ ಮುಂಬೈಯ ಕೋಸ್ಟಲ್ ರೋಡಿನಲ್ಲಿ ಕರೆದುಕೊಂಡು ಹೋದ ದಿನ. ವರ್ಲಿ ದಾಟಿ ಮರೀನ್ ಡ್ರೈವ್ ಕಡೆ ಹೊರಟಿದ್ದೆವು. ಬಲಗಡೆ ಹಾಜಿ ಅಲಿ ದರ್ಗಾ ಕಾಣಿಸಿತು. ಸುಮ್ನೆ ಮಾತಿಗೆ ಅಂತ ಹೇಳಿದೆ: "ಈ ರಸ್ತೆ ಕಟ್ಟುವಾಗ ಇಲ್ಲಿನ ಬಂಡೆಗಳ ಮೇಲಿದ್ದ ಹವಳವನ್ನು ಎಬ್ಬಿಸಿ ಬೇರೆ ಕಡೆ ಸಾಗಿಸಿದ್ರು, ಗೊತ್ತಾ?"

ಚಿಕ್ಕಮ್ಮನ ಕೈ ಸೀದಾ ಕುತ್ತಿಗೆಗೆ ಹೋಯಿತು. ಕರಿಮಣಿಯ ನಡುವೆ ಎರಡು ಹವಳದ ಮಣಿ ಇವೆ. ಅದನ್ನು ಹಿಡಿದುಕೊಂಡು, "ಇದಾ? ಇದು ಇಲ್ಲಿ ಸಿಗ್ತಿತ್ತಾ? ಮೊದಲೇ ಹೇಳಬಾರದಿತ್ತಾ ಮಾರಾಯ!" ಅಂದರು.

ನಗು ಬಂತು. ಆದರೆ ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಹವಳ ಅಂದರೆ ನಮಗೆ ನೆನಪಾಗುವುದು ಮಂಗಳ ಗ್ರಹದ ಉಂಗುರ, ತಾಳಿಯ ಮಣಿ, ಪಾರಿಜಾತದ ತೊಟ್ಟಿನ ಬಣ್ಣ. ಸಮುದ್ರದೊಳಗಿನ ಹವಳದ ದಿಬ್ಬ ಶಾಲೆಯ ಭೂಗೋಳ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು, ಪರೀಕ್ಷೆ ಮುಗಿದ ಮೇಲೆ ಮರೆತುಹೋಯಿತು. ಈಗ ನೋಡಿದರೆ ಅದು ಮತ್ತೆ ಮತ್ತೆ ಸುದ್ದಿಯಲ್ಲಿದೆ. ಮುಂಬೈ ಕೋಸ್ಟಲ್ ರೋಡ್ ಒಂದು ಕಾರಣ. 2024ರಲ್ಲಿ ಲಕ್ಷದ್ವೀಪದ ಹವಳಗಳು ಬೆಳ್ಳಗಾಗಿದ್ದು ಇನ್ನೊಂದು. ಮಾಲ್ವಣ, ಗೋವಾ ಕಡೆ ಹೋಗಿ ನೀರಿಗಿಳಿದು ಬರುವ ನಮ್ಮ ಹುಡುಗರ ಫೋಟೋಗಳು ಮತ್ತೊಂದು. ಹಾಗಾಗಿ ಚಿಕ್ಕಮ್ಮನಿಗೆ ದಾರಿಯುದ್ದಕ್ಕೂ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ

ಆಭರಣದ ಕೆಂಪು ಹವಳವೂ ದಿಬ್ಬದ ಹವಳವೂ ದೂರದ ನೆಂಟರು. ಒಂದೇ ಮನೆಯವರಲ್ಲ. ಹೆಸರಾಂತ ಕೆಂಪು ಹವಳ ಬೆಳೆಯುವುದು ಮೆಡಿಟರೇನಿಯನ್ ಸಮುದ್ರದಲ್ಲಿ, ಬೆಳಕು ಕಡಿಮೆ ಇರುವ ಆಳದಲ್ಲಿ, ಗುಹೆಗಳ ಗೋಡೆಗಳಲ್ಲಿ. ಅದರ ಕೊಂಬೆ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಇಟಲಿಯ ತೊರ್ರೆ ದೆಲ್ ಗ್ರೆಕೊ ಎಂಬ ಊರು ಅದನ್ನು ಕೆತ್ತುವುದಕ್ಕೇ ಪ್ರಸಿದ್ಧಿ. ಅದು ದಿಬ್ಬ ಕಟ್ಟುವುದಿಲ್ಲ. ದ್ವೀಪವನ್ನಂತೂ ಕಟ್ಟುವುದೇ ಇಲ್ಲ.

ದಿಬ್ಬ ಕಟ್ಟುವುದು ಇನ್ನೊಂದು ಗುಂಪು. ಅದನ್ನು ಕಲ್ಲು ಹವಳ ಎನ್ನೋಣ. ಬೆಚ್ಚಗಿನ, ತಿಳಿಯಾದ, ಬಿಸಿಲು ತಳದವರೆಗೆ ಇಳಿಯುವ ನೀರು ಅದಕ್ಕೆ ಬೇಕು. ಕಂದು, ಹಸಿರು, ನೇರಳೆ, ಹೀಗೆ ಬಣ್ಣ ಹಲವು. ನೀರಿಂದ ತೆಗೆದು ಒಣಗಿಸಿದರೆ ಬರೀ ಬಿಳಿ. ಇನ್ನು ಮುಂದೆ ಹವಳ ಅಂದರೆ ಇದೇ.

ಶೋಕೇಸಿನ ಬಿಳಿ ಕಲ್ಲು

ಚಿಕ್ಕಮ್ಮನ ಮಾಟುಂಗಾದ ಮನೆಯ ಶೋಕೇಸಿನಲ್ಲಿ, ಪುಟ್ಟ ಗಣಪತಿಯ ಪಕ್ಕದಲ್ಲಿ, ಅಂಗೈಯಗಲದ ಒಂದು ಬಿಳಿ ಕಲ್ಲು ಇದೆ. ಚಿಕ್ಕಪ್ಪ ಹಡಗಿನಲ್ಲಿದ್ದಾಗ, ನಲವತ್ತು ವರ್ಷದ ಹಿಂದೆ, ಯಾವುದೋ ಬಂದರಿನಿಂದ ತಂದದ್ದು. ಅದು ಹವಳದ ತುಂಡು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅದನ್ನು 'ಆ ತೂತಿನ ಕಲ್ಲು' ಅನ್ನುತ್ತಿದ್ದರು.

ತೂತು ನಿಜ. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಅದು ಬರೀ ತೂತಲ್ಲ. ನಿಂಬೆಹಣ್ಣನ್ನು ಅಡ್ಡಡ್ಡ ಕೊಯ್ದರೆ ನಡುವಿನಿಂದ ಅಂಚಿಗೆ ಗೆರೆಗಳು ಹೋಗಿರುತ್ತವಲ್ಲ, ಹಾಗೇ ಒಂದೊಂದು ಗುಳಿಯೊಳಗೂ ತೆಳ್ಳಗಿನ ಗೋಡೆಗಳು ನಿಂತಿವೆ. ಎಣಿಸಿದರೆ ಆರು, ಹನ್ನೆರಡು, ಇಪ್ಪತ್ತನಾಲ್ಕು, ಹೀಗೆ ಆರರ ಲೆಕ್ಕದಲ್ಲಿ ಸಿಗುತ್ತವೆ. ಚಿಕ್ಕಮ್ಮನ ತಾಳಿಯ ಕೆಂಪು ಹವಳದ ಜಾತಿಯಲ್ಲಿ ಈ ಲೆಕ್ಕ ಎಂಟು. ನೆಂಟಸ್ತಿಕೆ ಎಷ್ಟು ದೂರ ಅನ್ನುವುದಕ್ಕೆ ಇದೂ ಒಂದು ಗುರುತು.

ಆ ಒಂದೊಂದು ಗುಳಿಯೂ ಒಂದೊಂದು ಪ್ರಾಣಿಯ ಕೋಣೆ. ಆ ಪ್ರಾಣಿಯ ಹೆಸರು ಪಾಲಿಪ್. ಬಹಳಷ್ಟು ಜಾತಿಗಳಲ್ಲಿ ಅದರ ಅಗಲ ಕೆಲವೇ ಮಿಲಿಮೀಟರ್. ಮೈ ಅನ್ನುವುದು ಒಂದು ಮೆತ್ತಗಿನ ಚೀಲ. ಚೀಲಕ್ಕೆ ಒಂದೇ ಬಾಯಿ, ತಿನ್ನುವುದೂ ಅದರಲ್ಲೇ, ಕಸ ಹೊರಹಾಕುವುದೂ ಅದರಲ್ಲೇ. ಬಾಯಿಯ ಸುತ್ತ ಬೆರಳಿನಂಥ ಎಳೆಗಳು. ಆ ಎಳೆಗಳಲ್ಲಿ ಚುಚ್ಚುವ ಸೂಕ್ಷ್ಮ ಮುಳ್ಳುಗಳಿವೆ. ಮಳೆಗಾಲದಲ್ಲಿ ಜುಹೂ ಮರಳಿಗೆ ಬಂದು ಬೀಳುವ ನೀಲಿ ಬ್ಲೂ ಬಾಟಲ್ ಯಾರಿಗಾದರೂ ತಗುಲಿ ಉರಿ ಎದ್ದಿದ್ದನ್ನು ಕೇಳಿರುತ್ತೀರಿ. ಅದೂ, ಲೋಳೆಮೀನೂ, ಹವಳವೂ ಒಂದೇ ವಂಶ. ಲೋಳೆಮೀನನ್ನು ತಲೆಕೆಳಗೆ ಮಾಡಿ ಬಂಡೆಗೆ ಅಂಟಿಸಿದರೆ ಹೆಚ್ಚುಕಡಿಮೆ ಹವಳದ ಪಾಲಿಪ್ ಆಗುತ್ತದೆ.

ಕಲ್ಲು ಎಲ್ಲಿಂದ ಬಂತು ಹಾಗಾದರೆ? ಪಾಲಿಪ್ ತನ್ನ ಬುಡದಲ್ಲಿ ಸುಣ್ಣ ಇಳಿಸುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡನ್ನೂ ಹೀರಿಕೊಂಡು ಗಟ್ಟಿ ಮಾಡುತ್ತದೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಚಿಪ್ಪು ಯಾವುದರಿಂದ ಆಗಿದೆಯೋ ಅದೇ ವಸ್ತು ಇದು. ಮೊಟ್ಟೆಯ ಚಿಪ್ಪು, ಸೀಮೆಸುಣ್ಣ, ಅಮೃತಶಿಲೆ ಎಲ್ಲವೂ ಇದರ ಅಣ್ಣತಮ್ಮಂದಿರೇ.

ಒಂದು ಪಾಲಿಪ್ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬೇರೆಯಾದರೂ ಅವು ಪೂರ್ತಿ ಬೇರೆಯಾಗುವುದಿಲ್ಲ. ತೆಳ್ಳಗಿನ ಚರ್ಮ ಎಲ್ಲವನ್ನೂ ಜೋಡಿಸಿರುತ್ತದೆ, ಒಂದರ ಊಟದಲ್ಲಿ ಪಕ್ಕದ್ದಕ್ಕೂ ಪಾಲು ಹೋಗುತ್ತದೆ. ಗಿರ್‌ಗಾಂವ್‌ನ ಹಳೇ ಚಾಳನ್ನು ನೆನಪಿಸಿಕೊಳ್ಳಿ. ಸಾಲಾಗಿ ಕೋಣೆ, ಮುಂದೆ ಎಲ್ಲರಿಗೂ ಸೇರಿ ಒಂದೇ ಉದ್ದ ಗ್ಯಾಲರಿ. ಒಂದು ವ್ಯತ್ಯಾಸ ಇದೆ. ಈ ಚಾಳಿನಲ್ಲಿ ಜನ ಇರುವುದು ಮೇಲಿನ ಮಹಡಿಯಲ್ಲಿ ಮಾತ್ರ. ಪಾಲಿಪ್ ಆಗಾಗ ಮೈ ಎತ್ತಿಕೊಂಡು ಕೆಳಗೆ ಹೊಸ ನೆಲ ಹಾಕುತ್ತದೆ, ಹಳೇ ಕೋಣೆ ಮುಚ್ಚಿಹೋಗುತ್ತದೆ. ಹಾಗೆ ಮಹಡಿ ಮೇಲೆ ಮಹಡಿ. ಮನೆಯಷ್ಟು ದೊಡ್ಡ ಹವಳದ ಗುಂಡಿನಲ್ಲೂ ಜೀವ ಇರುವುದು ಹೊರಗಿನ ಕೆಲವೇ ಮಿಲಿಮೀಟರ್ ಪದರದಲ್ಲಿ.

ಬೆಳೆಯುವ ವೇಗ ಜಾತಿಯ ಮೇಲೆ ಹೋಗುತ್ತದೆ. ಗುಂಡುಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಅರ್ಧದಿಂದ ಎರಡು ಸೆಂಟಿಮೀಟರ್. ಜಿಂಕೆ ಕೊಂಬಿನಂತೆ ಕವಲೊಡೆಯುವುದು ಹತ್ತು ಸೆಂಟಿಮೀಟರ್ ಮುಟ್ಟಬಹುದು, ಆದರೆ ಅಲೆ ಜೋರಾದರೆ ಮುರಿಯುವುದೂ ಅದೇ ಮೊದಲು.

ಬಾಡಿಗೆಗೆ ಬಂದ ಪಾಚಿ

ಇಲ್ಲಿಂದ ಮುಂದೆ ಹೇಳುವುದೆಲ್ಲ ಒಂದೇ ಸಂಗತಿಯ ಮೇಲೆ ನಿಂತಿದೆ. ಪಾಲಿಪ್ ಒಂಟಿಯಲ್ಲ. ಅದರ ಮೈಯ ಜೀವಕೋಶಗಳ ಒಳಗೇ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ವಿಜ್ಞಾನಿಗಳು ಅದನ್ನು ಝೂಝಾಂತೆಲ್ಲೆ ಅನ್ನುತ್ತಾರೆ. ನಾವು ಪಾಚಿ ಅನ್ನೋಣ, ಸಾಕು. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಪಾಚಿಕೋಶಗಳು ಇರುತ್ತವೆ. ಮುಂಬೈಯಲ್ಲಿ ಮನೆ ಹುಡುಕಿದವರಿಗೆ ಈ ದಟ್ಟಣೆ ಅರ್ಥವಾಗುತ್ತದೆ.

ಪಾಚಿಗೆ ಸಿಗುವುದು ಸುರಕ್ಷಿತ ಜಾಗ, ಬಿಸಿಲು, ಮತ್ತು ಪಾಲಿಪ್‌ನ ಕಸ. ಪಾಲಿಪ್ ಬಿಡುವ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ತ್ಯಾಜ್ಯವೇ ಪಾಚಿಗೆ ಗೊಬ್ಬರ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ಪಾಲಿಪ್‌ಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಈ ಬಾಡಿಗೆಯಿಂದಲೇ ಬರಬಹುದು. ಉಳಿದದ್ದಕ್ಕೆ ಪಾಲಿಪ್ ರಾತ್ರಿ ಎಳೆಗಳನ್ನು ಚಾಚಿ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ಹಗಲು ಅಡುಗೆ, ರಾತ್ರಿ ಬೇಟೆ.

ಸುಣ್ಣದ ಕೆಲಸಕ್ಕೂ ಈ ಸಕ್ಕರೆಯೇ ಇಂಧನ. ಪಾಚಿ ಇದ್ದರೆ ಗೋಡೆ ಬೇಗ ಏಳುತ್ತದೆ. ಹವಳಕ್ಕೆ ಬಿಸಿಲು ಬೇಕು, ತಿಳಿ ನೀರು ಬೇಕು ಅನ್ನುವುದು ನಿಜವಾಗಿ ಪಾಚಿಯ ಬೇಡಿಕೆ. ಹವಳದ ಕಂದುಬಣ್ಣವೂ ಬಹುಪಾಲು ಪಾಚಿಯದ್ದೇ. ಮುಂದೆ ಬಿಳಿಚುವ ಮಾತು ಬಂದಾಗ ಇದು ನೆನಪಿರಲಿ.

ನನಗೆ ಬಹಳ ದಿನ ಅರ್ಥವಾಗದಿದ್ದ ಒಂದು ವಿಷಯವೂ ಇದರಿಂದಲೇ ಬಿಡಿಸಿಕೊಂಡಿತು. ಲಕ್ಷದ್ವೀಪದ ನೀಲಿ ನೀರು ಅಷ್ಟು ತಿಳಿ ಯಾಕೆ? ಅದರಲ್ಲಿ ತಿನ್ನಲು ಏನೂ ಇಲ್ಲ, ಅದಕ್ಕೆ. ಮುಂಬೈಯ ಬೂದು-ಹಸಿರು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು ತುಂಬಿರುತ್ತವೆ. ಆಹಾರದ ಲೆಕ್ಕದಲ್ಲಿ ನಮ್ಮದು ಗದ್ದೆ, ಆ ನೀಲಿ ನೀರು ಮರುಭೂಮಿ. ಅಂಥ ಬಡ ನೀರಿನ ನಡುವೆ ಹವಳದ ದಿಬ್ಬ ಅಷ್ಟೊಂದು ಜೀವ ಸಾಕುತ್ತದೆ. ಒಬ್ಬರ ಕಸ ಇನ್ನೊಬ್ಬರ ಊಟವಾಗಿ, ಅದದೇ ಸಾರ ಸುತ್ತುತ್ತಾ ಇರುವುದರಿಂದ ಅದು ನಡೆಯುತ್ತದೆ.

ದಿಬ್ಬದಿಂದ ದ್ವೀಪ

ಸಾವಿರಾರು ವರ್ಷ ಮಹಡಿ ಮೇಲೆ ಮಹಡಿ ಏರಿದರೆ ದಿಬ್ಬ. ದಡಕ್ಕೆ ಅಂಟಿಕೊಂಡಿದ್ದರೆ ಅಂಚಿನ ದಿಬ್ಬ. ದಡದಿಂದ ದೂರ, ನಡುವೆ ನೀರು ಬಿಟ್ಟು ಗೋಡೆಯಂತೆ ನಿಂತರೆ ತಡೆ ದಿಬ್ಬ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಇಂಥದ್ದು, ಉದ್ದ ಸುಮಾರು 2,300 ಕಿಲೋಮೀಟರ್. ಮೂರನೆಯದು ಬಳೆಯಾಕಾರದ್ದು. ನಡುವೆ ಆಳವಿಲ್ಲದ ಹಿನ್ನೀರು, ಸುತ್ತ ಹವಳದ ಉಂಗುರ.

ಬಳೆ ಹೇಗಾಯಿತು ಎಂದು 1842ರಲ್ಲಿ ಚಾರ್ಲ್ಸ್ ಡಾರ್ವಿನ್ ವಿವರಿಸಿದ್ದರು. ಸಮುದ್ರದ ನಡುವೆ ಜ್ವಾಲಾಮುಖಿಯ ದ್ವೀಪ ಏಳುತ್ತದೆ. ಸುತ್ತ ಹವಳ ಹಬ್ಬುತ್ತದೆ. ಯುಗಗಳ ಲೆಕ್ಕದಲ್ಲಿ ಬೆಟ್ಟ ನಿಧಾನಕ್ಕೆ ಕುಸಿಯುತ್ತದೆ. ಹವಳ ಮಾತ್ರ ಬೆಳಕಿಗಾಗಿ ಮೇಲೇರುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮುಳುಗಿ ಉಂಗುರ ಉಳಿಯುತ್ತದೆ. ನೂರು ವರ್ಷದ ಮೇಲೆ ಶಾಂತಸಾಗರದಲ್ಲಿ ಆಳಕ್ಕೆ ಕೊರೆದು ನೋಡಿದಾಗ ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪ ಸುಣ್ಣದ ಕೆಳಗೆ ನಿಜಕ್ಕೂ ಜ್ವಾಲಾಮುಖಿಯ ಕಲ್ಲು ಸಿಕ್ಕಿತು.

ನಮ್ಮ ಲಕ್ಷದ್ವೀಪ ಇಂಥ ಬಳೆಗಳ ಸಾಲು. ಅಲ್ಲಿ ಕಾಲಡಿಯ ನೆಲ, ಮರಳು ಎಲ್ಲ ಹವಳದ ಪುಡಿ. ಭಾರತದ ಉಳಿದ ದೊಡ್ಡ ದಿಬ್ಬಗಳು ಅಂಡಮಾನ್-ನಿಕೋಬಾರ್, ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಮತ್ತು ಕಛ್ ಕೊಲ್ಲಿಯಲ್ಲಿವೆ.

ಮಹಾರಾಷ್ಟ್ರಕ್ಕೂ ಒಂದು ಗುಟ್ಟಿನ ಆಸ್ತಿ ಇದೆ. ವಿಜಯದುರ್ಗದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರ, ನೀರಿನಡಿ ಒಂದು ಪ್ರಸ್ಥಭೂಮಿ. ಹೆಸರು ಆಂಗ್ರಿಯಾ ಬ್ಯಾಂಕ್, ಮರಾಠರ ನೌಕಾಸೇನಾಧಿಪತಿ ಕಾನ್ಹೋಜಿ ಆಂಗ್ರೆಯ ಹೆಸರು. ಅದರ ನೆತ್ತಿ ಸುಮಾರು 20 ಮೀಟರ್ ಆಳದಲ್ಲಿದೆ, ಮೇಲೆ ಹವಳ ಹಬ್ಬಿದೆ. ದಡದ ಕೆಸರು ಅಷ್ಟು ದೂರ ಮುಟ್ಟುವುದಿಲ್ಲ.

ದಾದರ್ ಸ್ಟೇಷನ್ನಿನಷ್ಟು ಗಿಜಿಗಿಜಿ

ಜಗತ್ತಿನ ಸಮುದ್ರತಳದಲ್ಲಿ ಹವಳದ ದಿಬ್ಬಗಳ ಪಾಲು ಶೇ. 1ಕ್ಕಿಂತಲೂ ಕಡಿಮೆ. ಆದರೆ ಸಮುದ್ರದ ಜೀವಿಗಳಲ್ಲಿ ಸುಮಾರು ಕಾಲು ಭಾಗ ಜಾತಿಗಳು ಬದುಕಿನ ಒಂದಲ್ಲ ಒಂದು ಹಂತದಲ್ಲಿ ದಿಬ್ಬವನ್ನು ನಂಬಿಕೊಂಡಿವೆ. ಕಾರಣ ಸರಳ: ಅಡಗಲು ಸಂದು. ಬಯಲು ಮರಳಿನಲ್ಲಿ ಮೀನಿನ ಮರಿ ಎಲ್ಲಿ ಬಚ್ಚಿಟ್ಟುಕೊಳ್ಳಬೇಕು? ದಿಬ್ಬದಲ್ಲಿ ಬೆರಳಷ್ಟು ಸಂದಿನಿಂದ ಗುಹೆಯವರೆಗೆ ಎಲ್ಲ ಅಳತೆಯ ಮನೆಯೂ ಸಿಗುತ್ತದೆ.

ಅಲ್ಲಿ ಕೆಲಸ ಹಂಚಿಕೆಯೂ ಇದೆ. ಸಣ್ಣದೊಂದು ನೀಲಿಪಟ್ಟೆ ಮೀನು ದೊಡ್ಡ ಮೀನುಗಳ ಕಿವಿರು, ಬಾಯಿಗಳಿಂದ ಪರೋಪಜೀವಿಗಳನ್ನು ಕಿತ್ತು ತಿನ್ನುತ್ತದೆ. ಅದರ ಜಾಗಕ್ಕೆ ಮುರು, ಕೆಂಬೇರಿಯಂಥ ದೊಡ್ಡವು ತಾವಾಗಿ ಬಂದು, ಭಾನುವಾರ ಸಲೂನಿನಲ್ಲಿ ಕಾದ ಹಾಗೆ ಸರದಿಗೆ ಕಾಯುತ್ತವೆ.

ಗಿಳಿಮೀನಿನ ಕತೆ ನನಗೆ ಇನ್ನೂ ಇಷ್ಟ. ಗಿಳಿಯ ಕೊಕ್ಕಿನಂಥ ಹಲ್ಲು. ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಜೊತೆಗೆ ಸುಣ್ಣವೂ ಹೊಟ್ಟೆಗೆ ಹೋಗುತ್ತದೆ. ಆ ಸುಣ್ಣ ಪುಡಿಯಾಗಿ ಹಿಂದಿನಿಂದ ಬೀಳುತ್ತದೆ. ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ತಯಾರಿಸುತ್ತದೆ. ಹನಿಮೂನಿಗೆ ಹೋದವರು ಬಿಳಿ ಮರಳಿನ ಮೇಲೆ ಹೃದಯ ಬರೆದು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದರಲ್ಲಿ ಬೇಕಾದಷ್ಟು ಮೀನಿನ ಹಿಕ್ಕೆ. ರಾತ್ರಿ ಕೆಲವು ಗಿಳಿಮೀನುಗಳು ಲೋಳೆಯ ಚೀಲ ಕಟ್ಟಿಕೊಂಡು ಅದರೊಳಗೆ ಮಲಗುತ್ತವೆ. ರಕ್ತ ಹೀರುವ ಸಣ್ಣ ಜೀವಿಗಳಿಂದ ಕಾಪಾಡಿಕೊಳ್ಳಲು, ಥೇಟ್ ನಮ್ಮ ಸೊಳ್ಳೆಪರದೆಯ ಹಾಗೆ.

ಇದು ತಮಾಷೆಯ ಸಂಗತಿ ಮಾತ್ರ ಅಲ್ಲ. ಹವಳ ಮತ್ತು ಹೊರಗಿನ ಹಸಿರು ಪಾಚಿ ಒಂದೇ ಜಾಗಕ್ಕೆ ಜಗಳವಾಡುತ್ತಿರುತ್ತವೆ. ಪಾಚಿ ಬೇಗ ಬೆಳೆಯುತ್ತದೆ. ಕೆರೆಯುವ ಮೀನುಗಳನ್ನು ವಿಪರೀತ ಹಿಡಿದು ಖಾಲಿ ಮಾಡಿದರೆ, ಅಥವಾ ಚರಂಡಿ ನೀರು ಬಂದು ಪಾಚಿಗೆ ಗೊಬ್ಬರ ಸಿಕ್ಕರೆ, ಗೆಲ್ಲುವುದು ಪಾಚಿ.

ನಮಗೇನು ಅಂತ ಕೇಳಿದರೆ

ಮರೀನ್ ಡ್ರೈವ್‌ನಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ರಾಶಿ ನೋಡಿದ್ದೀರಲ್ಲ. ಅಲೆಯ ಪೆಟ್ಟು ಗೋಡೆಗೆ ಬೀಳದಂತೆ ಒಡೆಯುವುದು ಅದರ ಕೆಲಸ. ಹವಳದ ದಿಬ್ಬ ಅದೇ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತದೆ. ಬೇರೆ ಬೇರೆ ಸಮುದ್ರಗಳ ಅಳತೆಗಳನ್ನು ಒಟ್ಟುಮಾಡಿ ನೋಡಿದಾಗ, ದಿಬ್ಬಗಳು ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ತಗ್ಗಿಸುತ್ತವೆ ಎಂದು ಕಂಡುಬಂದಿದೆ. ಕಾಂಕ್ರೀಟ್ ಸವೆದರೆ ಟೆಂಡರ್ ಕರೆಯಬೇಕು. ಹವಳ ಬದುಕಿದ್ದಷ್ಟು ದಿನ ತನ್ನ ರಿಪೇರಿ ತಾನೇ ಮಾಡಿಕೊಳ್ಳುತ್ತದೆ. ಲಕ್ಷದ್ವೀಪದಂಥ ತಗ್ಗು ದ್ವೀಪಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆ. ಅಲ್ಲಿ ಕುಡಿಯುವ ನೀರು ಮರಳಿನಡಿ ತೆಳ್ಳಗೆ ನಿಂತ ಮಳೆನೀರು. ಅಲೆ ಒಳಗೆ ನುಗ್ಗಿದರೆ ಬಾವಿ ಉಪ್ಪಾಗುತ್ತದೆ.

ಮೀನಿನ ಲಾಭ ಬೇರೆ. ಲಕ್ಷದ್ವೀಪದವರು ಟ್ಯೂನಾವನ್ನು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಎರಚುವ ಜೀವಂತ ಸಣ್ಣ ಮೀನು ಹವಳದ ಹಿನ್ನೀರಿನಿಂದಲೇ ಬರಬೇಕು. ದಿಬ್ಬ ಹಾಳಾದರೆ ದೂರದ ಆಳಸಮುದ್ರದ ಮೀನುಗಾರಿಕೆಗೂ ಏಟು. ಔಷಧದ ಮಾತು ಬೇಕಿದ್ದರೆ, ರಕ್ತದ ಕ್ಯಾನ್ಸರಿಗೆ ಕೊಡುವ ಸೈಟಾರಬಿನ್‌ನ ಮೂಲ ಸುಳಿವು ಸಿಕ್ಕಿದ್ದು ಕೆರಿಬಿಯನ್ ಸಮುದ್ರದ ಒಂದು ಸ್ಪಂಜು ಪ್ರಾಣಿಯಲ್ಲಿ.

ಬಿಳಿಚುವುದು ಅಂದರೇನು

ಚಿಕ್ಕಮ್ಮ ಹೆಚ್ಚು ಪ್ರಶ್ನೆ ಕೇಳಿದ್ದು ಇದರ ಬಗ್ಗೆ. "ಒಂದು ಡಿಗ್ರಿಗೆ ಯಾರಾದ್ರೂ ಸಾಯ್ತಾರಾ?"

ನಮ್ಮ ಮೈಯ ಬಿಸಿ 37 ಡಿಗ್ರಿ ಸೆಲ್ಸಿಯಸ್. 38 ಆದರೆ ಜ್ವರ ಅನ್ನುತ್ತೇವೆ. ವ್ಯತ್ಯಾಸ ಒಂದೇ ಡಿಗ್ರಿ. ಒಂದು ದಿನ ಬಂದು ಹೋದರೆ ಸರಿ. ಎರಡು ತಿಂಗಳು ಇಳಿಯದಿದ್ದರೆ? ಹವಳದ ಕತೆಯೂ ಹಾಗೇ. ಆ ಜಾಗದ ಅತಿ ಬಿಸಿ ತಿಂಗಳಿನ ಸರಾಸರಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿ ಕೆಲವು ವಾರ ನಿಂತರೆ ಸಾಕು.

ಆಗ ಪಾಚಿಯ ಅಡುಗೆಮನೆ ಕೆಡುತ್ತದೆ. ಬಿಸಿಲು ಬೀಳುತ್ತಲೇ ಇರುತ್ತದೆ, ಆದರೆ ಸಕ್ಕರೆ ಮಾಡುವ ಯಂತ್ರ ಸರಿಯಾಗಿ ಓಡುವುದಿಲ್ಲ. ಜೀವಕೋಶಗಳನ್ನು ಸುಡುವಂಥ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಊಟ ಕೊಡುತ್ತಿದ್ದ ಬಾಡಿಗೆದಾರ ಈಗ ವಿಷ ಬಿಡುತ್ತಿದ್ದಾನೆ. ಪಾಲಿಪ್ ಅವನನ್ನು ಹೊರಗೆ ಹಾಕುತ್ತದೆ. ಪಾಚಿ ಹೋದರೆ ಬಣ್ಣ ಹೋಯಿತು. ಪಾಲಿಪ್‌ನ ಮಾಂಸ ಗಾಜಿನಂತೆ ಪಾರದರ್ಶಕ, ಅದರ ಹಿಂದಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಇದೇ ಬಿಳಿಚುವುದು.

ಬಿಳಿಚಿದ ಹವಳ ಇನ್ನೂ ಬದುಕಿದೆ, ಉಪವಾಸ ಇದೆ. ಇದನ್ನು ಬಹಳ ಸುದ್ದಿಗಳು ತಪ್ಪಾಗಿ ಬರೆಯುತ್ತವೆ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸ್ ಬರುತ್ತದೆ, ಹವಳ ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ವಾರಗಳಲ್ಲಿ ಸಾವು. ಸತ್ತ ಹವಳ ಬೆಳ್ಳಗೂ ಉಳಿಯುವುದಿಲ್ಲ, ಅದರ ಮೇಲೆ ಹೊರಗಿನ ಪಾಚಿ ಹತ್ತಿ ಕೊಳಕು ಹಸಿರು-ಕಂದು ಬಣ್ಣಕ್ಕೆ ತಿರುಗುತ್ತದೆ.

ಇಡೀ ಜಗತ್ತಿನ ಮಟ್ಟದಲ್ಲಿ ಹೀಗೆ ಬಿಳಿಚಿದ್ದು 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ. ನಾಲ್ಕನೆಯ ಸಲ 2023ರಲ್ಲಿ ಶುರುವಾಯಿತು, 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಘೋಷಿಸಿದರು. ಸಮುದ್ರದ ಸರಾಸರಿ ಬಿಸಿ ಏರುತ್ತಿರುವುದು ಮೂಲ ಕಾರಣ. ಅದರ ಮೇಲೆ ಎಲ್ ನಿನೊ, ಅಂದರೆ ಶಾಂತಸಾಗರದ ನೀರು ಎಂದಿಗಿಂತ ಬಿಸಿಯಾಗುವ ವರ್ಷ ಬಂದರೆ, ಮೊದಲೇ ಬೆಚ್ಚಗಿರುವ ಪಾತ್ರೆಯ ಕೆಳಗೆ ಇನ್ನೊಂದು ಒಲೆ ಹೊತ್ತಿಸಿದ ಹಾಗೆ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಿ 24 ವರ್ಷ ಅಳೆದಿದ್ದಾರೆ. 1998ರಲ್ಲಿ ತಳದ ಸುಮಾರು ಶೇ. 37ರಷ್ಟು ಭಾಗ ಜೀವಂತ ಹವಳ. 2022ಕ್ಕೆ ಅದು ಸುಮಾರು ಶೇ. 19. ಬಿಸಿ ಬಂದಾಗ ಸತ್ತಿದ್ದಷ್ಟೇ ಅಲ್ಲ, ಎರಡು ಬಿಸಿಗಳ ನಡುವೆ ಚೇತರಿಕೆಯೂ ಮೊದಲಿನಷ್ಟು ಜೋರಾಗಿಲ್ಲ. ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ಚಿಂತೆ ಹುಟ್ಟಿಸುವುದು.

ಭೂಮಿಯ ಬಿಸಿ 1.5 ಡಿಗ್ರಿ ಏರಿದರೆ ಈಗಿನ ಬೆಚ್ಚಗಿನ ನೀರಿನ ಹವಳದಲ್ಲಿ ಶೇ. 70ರಿಂದ 90ರಷ್ಟು, 2 ಡಿಗ್ರಿಗೆ ಶೇ. 99ಕ್ಕೂ ಹೆಚ್ಚು ಹೋಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲಿ ಅಂದಾಜಿಸಿತು.

ಜೊತೆಗೆ ಇನ್ನೊಂದು ಕಾಟ. ಮನೆಯ ಮಾರ್ಬಲ್ ನೆಲದ ಮೇಲೆ ನಿಂಬೆರಸ ಚೆಲ್ಲಿ ಹೊಳಪು ಹೋದದ್ದನ್ನು ನೋಡಿದ್ದೀರಾ? ಹುಳಿಗೆ ಸುಣ್ಣ ಕರಗುತ್ತದೆ. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ ಇಳಿಯುತ್ತದೆ, ನೀರಿನ ರಸಾಯನ ಸ್ವಲ್ಪ ಸ್ವಲ್ಪವೇ ಹುಳಿಯ ಕಡೆಗೆ ಸರಿಯುತ್ತದೆ. ಸಮುದ್ರ ನಿಂಬೆರಸ ಆಗುವುದಿಲ್ಲ, ಅಷ್ಟು ಹೆದರಬೇಡಿ. ಆದರೆ ಹವಳಕ್ಕೆ ಗೋಡೆ ಕಟ್ಟುವ ಕೆಲಸ ದುಬಾರಿಯಾಗುತ್ತದೆ.

ಮುಂಬೈಯಲ್ಲಿ ಹವಳ ಇದೆಯಾ, ಇಲ್ಲವಾ?

ಹವಳ ಇದೆ. ದಿಬ್ಬ ಇಲ್ಲ. ಮಳೆಗಾಲದಲ್ಲಿ ಮಿಠಿ, ಉಲ್ಹಾಸ್ ನದಿಗಳು ತರುವ ಸಿಹಿನೀರು, ಕೆಸರು, ವರ್ಷವಿಡೀ ಬರುವ ಚರಂಡಿ. ಬೆಳಕು ಒಳಗಿಳಿಯಲು ದಾರಿಯೇ ಇಲ್ಲ. ಆದರೂ ಕೆಲವು ಗಟ್ಟಿ ಜಾತಿಗಳು ದಡದ ಕಪ್ಪು ಬಂಡೆಗಳಿಗೆ ಅಂಟಿಕೊಂಡು, ಇಳಿತದಲ್ಲಿ ಬಿಸಿಲಿಗೆ ಮೈಯೊಡ್ಡಿ, ಭರತದಲ್ಲಿ ಕೆಸರು ಕುಡಿದು ಬದುಕಿವೆ. ಅವು ಸಣ್ಣ ಸಣ್ಣ ತೇಪೆಗಳು, ಬಣ್ಣವೂ ಮಾಸಲು. ಗೊತ್ತಿಲ್ಲದವರು ಅದರ ಮೇಲೇ ಕಾಲಿಟ್ಟು ಹೋಗುತ್ತಾರೆ.

ಚಳಿಗಾಲದಲ್ಲಿ, ಹುಣ್ಣಿಮೆ ಅಮಾವಾಸ್ಯೆ ಹತ್ತಿರದ ದೊಡ್ಡ ಇಳಿತದ ದಿನ ಹಾಜಿ ಅಲಿ ಕಡೆ ಹೋದರೆ ಬಂಡೆಗಳ ಮೇಲೆ ಹಸಿರು-ಕಂದು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಚಾಪೆಯಂಥದ್ದು ಕಾಣುತ್ತದೆ. ಅದು ಝೋಆಂಥಿಡ್, ಸುಣ್ಣ ಕಟ್ಟದ ಹವಳದ ದಾಯಾದಿ. 2017ರಿಂದ ಮರೀನ್ ಲೈಫ್ ಆಫ್ ಮುಂಬೈ ಎಂಬ ಬಳಗ ಇಂಥ ದಡಗಳಲ್ಲಿ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದೆ.

ಕೋಸ್ಟಲ್ ರೋಡಿಗೆ ಬಂಡೆಗಳ ಮೇಲೆ ಮಣ್ಣು ತುಂಬಬೇಕಾಗಿ ಬಂದಾಗ, ವರ್ಲಿ ಮತ್ತು ಹಾಜಿ ಅಲಿಯ 18 ಹವಳದ ಗುಂಪುಗಳನ್ನು 2020ರಲ್ಲಿ ಕೊಲಾಬಾದ ನೇವಿ ನಗರದ ಕಡೆಯ ದಡಕ್ಕೆ ಸಾಗಿಸಿದರು. ಸುಮ್ಮನೆ ಕಿತ್ತು ಎಸೆಯುವಂತಿರಲಿಲ್ಲ. ಕಲ್ಲು ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಸಿಗುವ ರಕ್ಷಣೆಯೇ ಅದಕ್ಕೂ. ಕೀಳುವುದು, ಮಾರುವುದು, ಕೊಳ್ಳುವುದು ಎಲ್ಲ ಅಪರಾಧ.

ಕಿತ್ತು ನೆಟ್ಟರೆ ಬದುಕುತ್ತದಾ? ಬದುಕಬಹುದು. ಬಂಡೆಯ ತುಂಡಿನ ಸಮೇತ ಎಬ್ಬಿಸಬೇಕು, ನೀರಿನಲ್ಲೇ ಇಟ್ಟು ಸಾಗಿಸಬೇಕು, ಅದೇ ಆಳ, ಅದೇ ಅಲೆ, ಅದೇ ಬೆಳಕು ಇರುವ ಜಾಗಕ್ಕೆ ಅಂಟಿಸಬೇಕು. ಮನ್ನಾರ್ ಕೊಲ್ಲಿಯಲ್ಲಿ, ಕಛ್‌ನಲ್ಲಿ ಸಿಮೆಂಟು ಚೌಕಟ್ಟುಗಳಿಗೆ ಹವಳದ ತುಂಡು ಕಟ್ಟಿ ಬೆಳೆಸುವ ಕೆಲಸ ನಡೆದಿದೆ. ಸಣ್ಣ ಜಾಗಕ್ಕೆ ಇದು ಸರಿ. ನೀರೇ ಬಿಸಿಯಾದರೆ ಹೊಸದಾಗಿ ನೆಟ್ಟದ್ದೂ ಹಳೆಯದರ ಜೊತೆಗೇ ಬಿಳಿಚುತ್ತದೆ.

ಗೋವಾದಲ್ಲಿ ನೋಡಬೇಕಾದರೆ ಮುರ್ಮುಗಾಂವ್ ಆಚೆಯ ಗ್ರಾಂಡೆ ದ್ವೀಪ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ಹವಳ ಬಿಳಿಚಿದ್ದನ್ನೂ, ಅದರ ಮೇಲೆ ಪಾಚಿ ಹಬ್ಬಿದ್ದನ್ನೂ ದಾಖಲಿಸಿದ್ದಾರೆ. ಮಹಾರಾಷ್ಟ್ರದಲ್ಲಿ ಮಾಲ್ವಣ, 1987ರಿಂದ ಸಮುದ್ರ ಅಭಯಾರಣ್ಯ. ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ.

ಹೋಗುವವರಿಗೆ ಒಂದು ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಡೆ, ಊರಿನ ಹೆಸರು ಬೇಡ, ದೋಣಿಯವನು ಲಂಗರನ್ನು ನೇರ ಹವಳದ ಮೇಲೇ ಎಸೆದ. ಕೆಳಗಿಳಿದು ನೋಡಿದೆ. ಕವಲು ಹವಳ ಮುರಿದು, ಒಳಗಿನ ಬಿಳಿ ಹೊಸ ಗಾಯದಂತೆ ಕಾಣುತ್ತಿತ್ತು. ಮೀನುಗಳನ್ನು ಹತ್ತಿರ ಕರೆಯಲು ಬಿಸ್ಕತ್ತು ಬೇರೆ ಚೆಲ್ಲಿದರು. ನನ್ನ ಜೊತೆಗಿದ್ದ ಒಬ್ಬರು ದಣಿದು ಒಂದು ಹವಳದ ಗುಂಡಿನ ಮೇಲೆ ನಿಂತುಕೊಂಡರು. ಅವರಿಗೆ ಅದು ಕಲ್ಲು. ನಾನೂ ಆಗ ಏನೂ ಹೇಳಲಿಲ್ಲ, ಬಾಯಲ್ಲಿ ನಳಿಗೆ ಇತ್ತು ಅನ್ನುವುದು ನೆಪ. ಈಗ ದೋಣಿ ಹತ್ತುವ ಮೊದಲೇ ಕೇಳುತ್ತೇನೆ: ಲಂಗರು ಎಲ್ಲಿ ಹಾಕ್ತೀರಿ? ತೇಲುವ ಬೋಯಿಗೆ ಕಟ್ಟುತ್ತೇವೆ, ಮರಳಿನ ಮೇಲೆ ಇಳಿಸುತ್ತೇವೆ ಅಂದರೆ ಹತ್ತುತ್ತೇನೆ.

ಮನೆಗೆ ವಾಪಸ್ ಬಂದ ಮೇಲೆ ಚಿಕ್ಕಮ್ಮ ಶೋಕೇಸಿನಿಂದ ಆ ಬಿಳಿ ಕಲ್ಲನ್ನು ಇಳಿಸಿದರು. ಪಂಚಾಂಗ ಓದಲು ಇಟ್ಟುಕೊಂಡಿರುವ ಭೂತಗನ್ನಡಿಯನ್ನೂ ತಂದರು.

"ಹಾಗಾದ್ರೆ ಇದ್ರಲ್ಲಿ ಎಷ್ಟು ಜನ ಇದ್ರು?"

ಹೆಬ್ಬೆರಳಿನ ಉಗುರಿನಗಲದ ಜಾಗ ಗುರುತು ಮಾಡಿ ಎಣಿಸಿದೆವು. ನನಗೆ ಹದಿನಾಲ್ಕು ಸಿಕ್ಕಿತು, ಅವರಿಗೆ ಹದಿನಾರು. ಮತ್ತೊಮ್ಮೆ ಎಣಿಸುವಷ್ಟರಲ್ಲಿ ಕುಕ್ಕರ್ ಕೂಗಿತು. ಚಿಕ್ಕಮ್ಮ ಕಲ್ಲನ್ನು ಸೆರಗಿನಿಂದ ಒರೆಸಿ ಮತ್ತೆ ಗಣಪತಿಯ ಪಕ್ಕದಲ್ಲಿಟ್ಟರು, ಗುಳಿಗಳು ಈ ಕಡೆ ಕಾಣುವ ಹಾಗೆ.